ನೀರು ಪೈಪಿಗೆ, ಮೀನು ಗುಂಡಿಗೆ

ಹೊರನಾಡಿಗೆ ಹೊರಟಿದ್ದೆ. ಕಾಡಿನ ಸೇತುವೆ ಹತ್ತಿರ ಬಸ್ಸಿನ ಟೈರು ಪಂಚರ್ ಆಯ್ತು. ಟೈರು ಬದಲಿಸೋ ಅಷ್ಟರಲ್ಲಿ ಹೊಳೆಯ ದೇವರ ಮೀನಿಗೆ ಒಂದು ಹಿಡಿ ಅಕ್ಕಿ ಹಾಕೋಣ ಅಂತ ಇಳಿದ್ರೆ ಹೊಳೆಯೇ ಇಲ್ಲ. ಮೇಲೆ ಕಟ್ಟೆ ಕಟ್ಟಿ, ನೀರನ್ನೆಲ್ಲ ಪೈಪಿಗೆ ಹಾಕಿ ಕರೆಂಟು ಮಾಡ್ತಾರಂತೆ. ನಾವು ಸೌದೆಗೆ ಒಂದು ಕಡ್ಡಿ ಮುರಿದ್ರೆ ಕೇಸು ಹಾಕೋ ಅಭಯಾರಣ್ಯ ಇದು! ಒಂದು ಗುಂಡಿಯಲ್ಲಿ ಮಾತ್ರ ಮೊಣಕಾಲು ಮುಳುಗುವಷ್ಟು ನೀರು. ಮೀನೆಲ್ಲ ಅದರಲ್ಲಿ ಬಾಯಿ ಬಿಡ್ತಾ ಇದ್ವು.

ಪೈಪು ಕಾಯೋ ವಾಚ್‌ಮನ್ ನೀರು ತಗೊಂಡು ಹೋಗೋಕೆ ಬಕೆಟ್ ಹಿಡಿದು ಬಂದ. "ನೀರು ಎಲ್ಲೂ ಹೋಗೋದಿಲ್ಲ ಅಜ್ಜಿ. ಎರಡು ಮೈಲಿ ಕೆಳಗೆ ವಾಪಸ್ ಹೊಳೆಗೇ ಬಿಡ್ತಾರೆ."

"ಅಲ್ಲಿವರೆಗೆ ಮೀನು ಬಸ್ಸಲ್ಲಿ ಹೋಗ್ಬೇಕೇನೋ ಮಾರಾಯ? ಇಳಿ. ಮೀನು ಹಿಡಿದು ಕಟ್ಟೆ ಹಿಂದೆ ನಿಂತ ನೀರಿಗೆ ಬಿಡು."

ಅವನು ಹಿಂದೆ ಸರಿದ. "ದೇವರ ಮೀನು ಮುಟ್ಟಬಾರದು ಅಜ್ಜಿ, ದೋಷ ಬರ್ತದೆ."

"ಹೊಳೆ ತಿರುಗಿಸುವಾಗ ಎಲ್ಲಿತ್ತೋ ನಿನ್ನ ದೋಷ?"

ಹುಟ್ಟಿದಾಗಿಂದ ನಾನೂ ಆ ಮೀನನ್ನು ಮುಟ್ಟಿದವಳಲ್ಲ. ಟೈರು ಹಾಕಿ ಆಗಿತ್ತು, ಕಂಡಕ್ಟರ್ ಕೂಗಿದ. ಹೋಗು ಅಂತ ಕೈ ಬೀಸಿದೆ. ಸೀರೆ ಎತ್ತಿ ಕಟ್ಟಿ, ವಾಚ್‌ಮನ್ ಕೈಯಿಂದ ಬಕೆಟ್ ಕಿತ್ಕೊಂಡು ಗುಂಡಿಗೆ ಇಳಿದೆ.