ಅವ್ವನ ಅವಸರ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ರಾಯಚೂರಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು. ಕಣ್ಣಾರೆ ಕಂಡದ್ದನ್ನೂ ಎರಡನೇ ಸಲ ನೋಡದೆ ಬರೆದುಕೊಳ್ಳುವವನಲ್ಲ. ದೆವ್ವದ ಕಥೆ ಹೇಳಲು ಬಂದವರಿಗೆ, ಮೊದಲು ಸಕ್ಕರೆ ಎಷ್ಟಿದೆ ನೋಡಿಸಿಕೊಳ್ಳಿ ಎನ್ನುತ್ತಿದ್ದೆ. ಈಗ ನೀವು ನಕ್ಕರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮವ್ವ ತೀರಿಕೊಂಡ ಮೇಲೆ ಅವಳ ದನಿ ಉಳಿದದ್ದು ನನ್ನ ಫೋನಿನಲ್ಲಿ ಮಾತ್ರ. ಹತ್ತಿ ಬಿಡಿಸುತ್ತಾ ಹಾಡಿದ ಒಂದೇ ಒಂದು ಹಾಡು. ಫೋನಿನಲ್ಲಿ ಜಾಗ ಸಾಲದೆಂದು ಒಮ್ಮೆ ಏನೇನೋ ಅಳಿಸುವಾಗ ಅದೂ ಹೋಯಿತು. ನೀರಮಾನ್ವಿಯಲ್ಲಿರುವ ನನ್ನ ಅಕ್ಕ ಅಂದಿನಿಂದ ನನ್ನೊಡನೆ ಅಗತ್ಯಕ್ಕೆ ತಕ್ಕಷ್ಟೇ ಮಾತಾಡತೊಡಗಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹತ್ತಿ ಬಿಡಿಸುವಾಗ ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಅವ್ವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಸಾಲು ಅರ್ಧ ಇರುವಾಗಲೇ ಕಸಿದುಕೊಂಡು ಹಾಡಿಬಿಡುತ್ತಿದ್ದಳು. "ನಿಂಗವ್ವಗ ಬಸ್ಸಿಗೆ ಹೊತ್ತಾಗೇತಿ" ಎಂದು ಜೊತೆಯವರು ಚುಡಾಯಿಸುತ್ತಿದ್ದರು. ಅವಳು ಕೊನೆಯವರೆಗೂ ತಿದ್ದಿಕೊಳ್ಳಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ಒಂದು ಭಾನುವಾರ ಮಧ್ಯಾಹ್ನ ಬಟ್ಟೆಗೆ ಇಸ್ತ್ರಿ ಮಾಡುತ್ತಾ ಹಾಡು ಕೇಳುತ್ತಿದ್ದೆ. ಹಾಡುಗಾರ ದೇವದುರ್ಗದ ಒಬ್ಬ ವೈರಿಂಗ್ ಕೆಲಸದವನು. ಹೊಲದ, ಹಾದಿಯ ಹಾಡುಗಳನ್ನು ತಾನೇ ಕಟ್ಟಿ, ಗಿಟಾರ್ ಒಂದನ್ನೇ ನುಡಿಸಿಕೊಂಡು ಹಾಡಿ ಮೊಬೈಲಿಗೆ ಬಿಡುತ್ತಾನೆ. ಅವನನ್ನು ಕೇಳುವವರು ಬೆರಳೆಣಿಕೆಯಷ್ಟು, ಅವರಲ್ಲಿ ನಾನೊಬ್ಬ. ಅಂದು ಹೊಸ ಹಾಡು ಬಂದಿತ್ತು. ಮೂರನೇ ನುಡಿಯಲ್ಲಿ ಅವನ ಸಾಲು ಇನ್ನೂ ಅರ್ಧ ಇರುವಾಗಲೇ ಒಂದು ಹೆಣ್ಣು ದನಿ ಅದನ್ನು ಕಸಿದುಕೊಂಡಿತು.

ಅವ್ವ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅಂಗಿಯ ತೋಳು ಸುಟ್ಟ ವಾಸನೆ ಬಂದಾಗಲೇ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇದೆ ಎಂಬುದು ನೆನಪಾದದ್ದು. ಹಾಡನ್ನು ಮತ್ತೆ ಹಚ್ಚಿದೆ, ಹತ್ತು ಸಲ ಹಚ್ಚಿದೆ. ಅವ್ವನ ದನಿ ಮತ್ತೆ ಬರಲಿಲ್ಲ. ಆ ಜಾಗದಲ್ಲಿ ಹಾಡುಗಾರನೂ ಸುಮ್ಮನಾಗಿದ್ದ, ಬರೀ ಗಿಟಾರ್ ನುಡಿಯುತ್ತಿತ್ತು.

ಮರುದಿನ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದೆ. ಊರಲ್ಲಿ ಕೇಳಿಕೊಂಡು ಹೋದಾಗ ಅವನು ಯಾರದೋ ಮನೆಯಲ್ಲಿ ಏಣಿ ಹತ್ತಿ ಫ್ಯಾನ್ ಕೂಡಿಸುತ್ತಿದ್ದ. ಅವ್ವನ ಸುದ್ದಿ ಎತ್ತದೆ, ಆ ಹಾಡಿನಲ್ಲಿ ಜೊತೆಗೆ ಹಾಡಿದವರು ಯಾರು ಎಂದಷ್ಟೇ ಕೇಳಿದೆ. ಅವನು ಏಣಿ ಇಳಿದು ಬಂದು ನನ್ನ ಮುಖ ನೋಡಿದ.

"ಯಾರೂ ಇದ್ದಿಲ್ರೀ. ಬಾಗಲಾ ಹಾಕ್ಕೊಂಡು ಒಬ್ಬನೇ ಹಾಡೀನಿ. ಆದ್ರ ಅಲ್ಲಿ ಯಾರೋ ನನ್ನ ಸಾಲು ಎತ್ತಿಕೊಂಡಂಗ ಆತು. ಅದಕ್ಕ ಸುಮ್ಮನಾದೆ."

ಹಾಗಿದ್ದರೆ ಮತ್ತೊಮ್ಮೆ ಹಾಡಿ ಸರಿ ಮಾಡಬಹುದಿತ್ತಲ್ಲ ಎಂದೆ.

"ಹಿರ್ಯಾರು ಹಾಡಾಕತ್ತಾಗ ನಡುವ ಬಾಯಿ ಹಾಕಬಾರ್ದಲ್ರೀ" ಎಂದ.

ಹಿರಿಯರು ಎಂದು ನಾನು ಹೇಳಿರಲೇ ಇಲ್ಲ.

ಅಲ್ಲಿಂದ ಹಾಗೆಯೇ ಮಾನ್ವಿಗೆ ಹೋಗಿ, ನೀರಮಾನ್ವಿಯ ಅಕ್ಕನ ಮನೆ ಮುಟ್ಟಿದೆ. ಅವಳು ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾನು ಏನನ್ನೂ ಹೇಳಲಿಲ್ಲ. ಹೊಸ ಹಾಡು, ಕೇಳು ಎಂದು ಫೋನನ್ನು ಮೊರದ ಪಕ್ಕಕ್ಕೆ ಇಟ್ಟೆ. ಮೂರನೇ ನುಡಿ ಬಂತು. ನನಗೆ ಗಿಟಾರ್ ಮಾತ್ರ ಕೇಳಿಸಿತು. ಅಕ್ಕನ ಕೈ ನಿಂತಿತು.

"ಸತ್ತರೂ ಅವಸರ ಬಿಟ್ಟಿಲ್ಲ ನೋಡು ನಮ್ಮವ್ವ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ದಿನದಿಂದ ಕರೆಯದವಳು ಅಂದು ನನ್ನನ್ನು ತಮ್ಮಾ ಎಂದು ಕರೆದು, ಊಟಕ್ಕೆ ಏಳು ಎಂದಳು.

ಈಗಲೂ ಹೋದಾಗಲೆಲ್ಲ ಅಕ್ಕ ಆ ಹಾಡು ಹಚ್ಚಿಸುತ್ತಾಳೆ. ಅವಳಿಗೆ ಪ್ರತಿ ಸಲವೂ ಕೇಳಿಸುತ್ತದಂತೆ. ನನಗೆ ಅಂದಿನ ಆ ಒಂದು ಸಲ ಬಿಟ್ಟರೆ ಮತ್ತೆ ಕೇಳಿಸಿಲ್ಲ. ಕಿವಿ ಪರೀಕ್ಷೆ ಮಾಡಿಸಿಕೊಂಡೆ, ಎರಡು ಸಲ. ಏನೂ ತೊಂದರೆ ಇಲ್ಲವಂತೆ.