ಮುರಿಗೆವ್ವ ಪಂಕ್ತಿ ನಡೆಸಿದ ದಿನ

ರೈಲ್ವೆ ಕಾರ್ಖಾನೆಯ ಭೋಂಗಾ ಉದ್ದಕ್ಕೆ ಕೂಗಿ ನಿಂತಿತು. ಹುಬ್ಬಳ್ಳಿಯ ಆ ಓಣಿಯಲ್ಲಿ ಮಧ್ಯಾಹ್ನದ ಭೋಂಗಾದ ಹಿಂದೆಯೇ ಚಪ್ಪಲಿಗಳ ಸದ್ದು ಬರುವುದು ವಾಡಿಕೆ. ಮುರಿಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕಣ್ಣು ಮಾತ್ರ ಹಂಚಿನ ಮೇಲೆ ಇರಲಿಲ್ಲ. ಉಬ್ಬುವ ರೊಟ್ಟಿಯ ಆವಿಯಲ್ಲಿ ಅವಳಿಗೆ ಧಾರವಾಡದ ಒಂದು ಮನೆ ಕಾಣುತ್ತಿತ್ತು. ಇನ್ನೂ ನೋಡದ ಮನೆ. ಬಾಗಿಲಿಗೆ ಬೇವಿನ ನೆರಳು, ಒಳಗೆ ಹಳ್ಳಿಯಿಂದ ಕಾಲೇಜಿಗೆ ಬಂದ ಹುಡುಗರು, ಅವರ ನಡುವೆ ಸೆರಗು ಸಿಕ್ಕಿಸಿಕೊಂಡು ಓಡಾಡುವ ತಾನು.

ಅವಳು ಮುಗದವೆಂಬ ಹಳ್ಳಿಯ ಒಕ್ಕಲುಮನೆಯ ಮಗಳು. ಎಳವೆಯಲ್ಲೇ ಗಂಡ ತೀರಿಕೊಂಡಿದ್ದ. ಅಣ್ಣನ ಮನೆಯಲ್ಲಿ ಅತ್ತಿಗೆಯ ಕೈಯಿಂದ ಅನ್ನ ಬೀಳುವುದನ್ನು ಕಾಯಲಾರದೆ ಇಲ್ಲಿಗೆ ಬಂದು, ದಾನವ್ವನ ಖಾನಾವಳಿ ಸೇರಿದ್ದಳು. ಮೊದಲು ಒಲೆ, ಆಮೇಲೆ ಸಂತೆ. ಜೋಳವನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ಖರೀದಿಸುವುದು, ಜಗಳವಾಡಿಕೊಂಡು ಬಂದವರನ್ನು ದೂರ ದೂರ ಕೂಡಿಸುವುದು, ಎಲ್ಲ ಕಲಿತಳು. ಬಡಿಸುವುದೊಂದು ಉಳಿದಿತ್ತು. ಅದನ್ನು ದಾನವ್ವ ಯಾರಿಗೂ ಬಿಟ್ಟುಕೊಟ್ಟವಳಲ್ಲ.

"ಇವತ್ತ ಪಂಕ್ತಿ ನಿಂದು," ಎಂದಳು ದಾನವ್ವ, ಹೊರಸಿನ ಮೇಲೆ ಕಾಲು ಚಾಚಿ. "ಛಲೋ ನಡಿಸಿದಿ ಅಂದ್ರ ಧಾರವಾಡದಾಗ ನಾ ಹೊಸದಾಗಿ ತಗಿಯೋ ಖಾನಾವಳಿ ನಿನಗ. ಇಲ್ಲಂದ್ರ ಮುಗದದ ಬಂಡಿ ಹತ್ತು."

"ಬಂಡಿ ಹತ್ತಂಗಿಲ್ರಿ ಅಕ್ಕಾರ."

ಪಂಕ್ತಿ ಕೂತಿತು. ರೊಟ್ಟಿ, ಪುಂಡಿಪಲ್ಯ ಒಂದು ಸುತ್ತು ಹೋದವು. ಹೊಸದಾಗಿ ಕಾರ್ಖಾನೆ ಸೇರಿದ್ದ ಬೆಳಗಾವಿ ಕಡೆಯ ವಿಠೋಬ ರೊಟ್ಟಿ ಮುಗಿಸಿ, ಗಂಗಾಳವನ್ನು ಬೆರಳಿನಿಂದ ಬಳಿದು ಸ್ವಚ್ಛ ಮಾಡಿ ಕೂತ. ಮುರಿಗೆವ್ವನ ತವರಿನಲ್ಲಿ ಹಾಗೆ ಬಳಿದರೆ ಊಟ ಮುಗಿಯಿತೆಂದೇ ಅರ್ಥ. ಪ್ರಸಾದದ ಒಂದು ಅಗುಳೂ ಹಾಳಾಗಬಾರದೆಂದು ಗಂಗಾಳಕ್ಕೆ ನೀರು ಹಾಕಿಸಿಕೊಂಡು, ತೊಳೆದು ಕುಡಿಯುತ್ತಿದ್ದರು. ಅಪ್ಪನಿಗೆ ಆ ನೀರು ಹಾಕುತ್ತಿದ್ದವಳು ಅವಳೇ. ಕೈ ತಾನಾಗಿ ತಂಬಿಗೆಗೆ ಹೋಯಿತು, ನೀರು ಸುರಿದೇಬಿಟ್ಟಳು.

ವಿಠೋಬ ಗಂಗಾಳ ನೋಡಿದ, ಅವಳನ್ನು ನೋಡಿದ. "ಅನ್ನ ಬರ್ತೈತಿ ಅಂತ ಬಳದು ಕುಂತ್ನೆವ್ವಾ, ನೀ ಗಂಗಾಳಕ್ಕ ಜಳಕಾ ಮಾಡಿಸಿದಿ!"

"ತಡಿಯೋ, ಇನ್ನ ವಿಭೂತಿ ಹಚ್ಚತಾಳ!" ಪಕ್ಕದವನೆಂದ. ಪಂಕ್ತಿಯೆಲ್ಲ ನಕ್ಕಿತು.

ಬೇವಿನ ನೆರಳು ಕಣ್ಣ ಮುಂದೆಯೇ ಕರಗಿತು. ಆದರೂ ಅವಳು ಒಳಗೆ ಓಡಲಿಲ್ಲ. ಆ ಗಂಗಾಳ ಎತ್ತಿ, ಬೇರೆಯದಿಟ್ಟು, ಬಿಸಿ ಅನ್ನದ ಮೇಲೆ ತುಪ್ಪ ಬಿಟ್ಟಳು.

"ನಮ್ಮ ಮನ್ಯಾಗ ಅಪ್ಪಗ ಹಿಂಗ ನೀರ ಹಾಕ್ತಿದ್ನಿರಿ ಅಣ್ಣಾರ. ತಪ್ಪ ತಿಳೀಬ್ಯಾಡ್ರಿ."

ನಗು ನಿಂತಿತು. ವಿಠೋಬ ಇನ್ನೊಂದು ಸಲ ಅನ್ನ ಹಾಕಿಸಿಕೊಂಡ.

ಎರಡನೆಯ ಪಂಕ್ತಿ ಉಣ್ಣುತ್ತಿರುವಾಗ ದಾನವ್ವ ಅವಳನ್ನು ಹತ್ತಿರ ಕರೆದಳು. "ಗಂಗಾಳ ನೋಡಿದ್ರ ತಿಳಿಯಂಗಿಲ್ಲ ಮುರಿಗಿ, ಒಬ್ಬೊಬ್ಬರ ಮನಿ ರೀತಿ ಒಂದೊಂದು. ಉಣ್ಣಾವ್ರ ಮಾರಿ ನೋಡಬೇಕು. ಇರ್ಲಿ, ಅಷ್ಟ ಮಂದಿ ನಕ್ರೂ ಓಡಿಹೋಗಲಿಲ್ಲ ನೀ. ಹೇಳು, ಧಾರವಾಡದಾಗ ಎಂಥಾ ಮನಿ ಹಿಡಿಯೋಣು?"

ಮುರಿಗೆವ್ವ ಸೆರಗಿಗೆ ಕೈ ಒರೆಸಿಕೊಂಡಳು. ಆ ಮನೆಯ ವಿಷಯ ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

"ಪಡಸಾಲಿ ಅಗಲ ಇರಬೇಕ್ರಿ ಅಕ್ಕಾರ. ಎರಡೂ ಕಡೆ ಕಿಟಕಿ. ಬೆಳಕ ಹೆಂಗ ಬೀಳಬೇಕಂದ್ರ, ಕುಂತಾವ್ರ ಮಾರಿ ಎಲ್ಲಾ ನನಗ—" ಎನ್ನುತ್ತಿದ್ದವಳು, ಮೂಲೆಯಲ್ಲಿ ಒಬ್ಬ ತಲೆ ಎತ್ತಿ ಅತ್ತಿತ್ತ ನೋಡಿದ್ದನ್ನು ಕಂಡು, ಅನ್ನದ ಬುಟ್ಟಿ ಎತ್ತಿಕೊಂಡು ನಡೆದಳು.