ಹೊಸ ವರ್ಷನ್ನೂ ಮಗಳ ಮದುವಿ ಕಾರ್ಡೂ

ಗೊರೇಬಾಳದಾಗ ನಾ ಒಬ್ಬನ ಒಂದ ದಿನಕ್ಕ ಒಂಬತ್ತು ಎಕರೆ ಭತ್ತ ನಾಟಿ ಮಾಡಿದಾಂವ. ಕೆನಾಲಿನ ನೀರು ನಿಂತು ನೋಡಿತ್ತು. ಅಂಥಾ ನಾ ಸಿಂಧನೂರಿನ ಪ್ರೆಸ್ಸಿನಾಗ ಬೆವತು ಹೋಗಿದ್ದೆ. ಮಗಳ ಮದುವಿ ಕಾರ್ಡಿನಾಗ ಯಾರ ಹೆಸರು ಮ್ಯಾಲ, ಯಾರದು ಕೆಳಗ ಅಂತ ತುರ್ವಿಹಾಳದ ಬೀಗರ ಜೋಡಿ ಎಂಟು ದಿನ ಜಗಳಾಡಿ ಒಪ್ಪಿಸಿದ ಪಟ್ಟಿ ಅಲ್ಲಿನ ಕಂಪ್ಯೂಟರಿನಾಗಿತ್ತು, ಆ ಕಂಪ್ಯೂಟರ್ ಕೆಟ್ಟು ಕುಂತಿತ್ತು. ಅದು ಅಳಿಸಿ ಹೋಗಿದ್ರ ಮದುವಿನೂ ಮುರೀತಿತ್ತು.

ರಿಪೇರಿಗೆ ಬಂದ ಇಂಜಿನಿಯರ್ ಅಂದ, "ಕಾಕಾ, ಕಾರ್ಡು ಮಾಡೋ ಹಳೇ ಪ್ರೋಗ್ರಾಮ್ ತೆಗೆದು ಹೊಸ ವರ್ಷನ್ ಹಾಕ್ತೀನಿ."

"ತೆಗೀಬ್ಯಾಡಪಾ. ನಾಟಿ ಬೇರು ಹಿಡಿಯೋತನಕ ನಾವು ಸಸಿ ಮಡಿ ಕೆಡಸಂಗಿಲ್ಲ. ಮೊದಲ ಹೊಸದರಾಗ ನನ್ನ ಕಾರ್ಡು ತೋರಸು."

"ಇದು ಗದ್ದಿ ಅಲ್ರೀ," ಅಂತ ನಕ್ಕ. ಆದ್ರೂ ಹಳೇದು ಹಂಗ ಬಿಟ್ಟು, ಬಾಜೂಕ ಹೊಸದು ಹಾಕಿದ. ಅದರಾಗ ಕಾರ್ಡು ನೋಡಿದ್ರ ಅಕ್ಷರ ಇಲ್ಲ, ಬರೇ ಚೌಕ ಡಬ್ಬಿ. ಅವನ ನಗಿ ನಿಂತಿತು. ಹಳೇದರಾಗ ನೋಡಿದ್ರ ಬೀಗರ ಹೆಸರೆಲ್ಲಾ ಸಾಲಾಗಿ ನಿಂತಿದ್ವು.

"ಹೊಸದು ಬೇರು ಹಿಡೀಲಿ, ಆಮ್ಯಾಲ ಹಳೇದು ತೆಗೀತೀನಿ," ಅಂದ ಅಂವ.

ಹಳೇದರಾಗ ಕಾರ್ಡು ಅಚ್ಚಾತು, ಮದುವಿನೂ ಚಂದ ಆತು. ಅಚ್ಚಿಗೆ ಹೋಗೋಮುಂದ ನನ್ನ ಹೆಸರು ಮಾತ್ರ ಒಂದು ಸಾಲು ಮ್ಯಾಲ ಏರಿಸಿದ್ದೆ. ಬೀಗರು ಕೇಳಿದ್ದಕ್ಕ, ಹೊಸ ವರ್ಷನ್ನಿನ ತಪ್ಪು ಅಂದೆ.